ತಂತಿ ಮಾತು: ನಾಲ್ಕು ರಿಮೋಟು, ಒಬ್ಬ ಅಮ್ಮ

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಹೋಮ್ ಥಿಯೇಟರ್‌ನವೇ. ಹಬ್ಬದ ರಿಯಾಯಿತಿಯಲ್ಲಿ ಮನೆಗೆ ಬಂದ ಪೆಟ್ಟಿಗೆಗಳು ಈಗ ಒಂದೊಂದಾಗಿ ಮುನಿಸಿಕೊಳ್ಳುತ್ತಿವೆ ಅಂತ ಕಾಣುತ್ತದೆ. ಸಾಗರದಲ್ಲಿ ನಲವತ್ತು ವರ್ಷ ರಿಪೇರಿ ಅಂಗಡಿ ನಡೆಸಿದವನಿಗೆ ಈ ಮುನಿಸು ಹೊಸದಲ್ಲ. ಪೆಟ್ಟಿಗೆ ಮಾತ್ರ ಹೊಸದು.

ಮಗ ಬೆಂಗಳೂರಿನಿಂದ ಬಂದು ದೊಡ್ಡ ಟಿವಿ, ಸೌಂಡ್‌ಬಾರ್, ಸಿನಿಮಾ ನೋಡುವ ಸ್ಟಿಕ್ ಎಲ್ಲ ಜೋಡಿಸಿ ಹೋದ. ಹಳೆಯ ಡಿಶ್ ಬಾಕ್ಸೂ ಇದೆ. ಒಟ್ಟು ನಾಲ್ಕು ರಿಮೋಟು. ಅವನಿದ್ದಾಗ ಎಲ್ಲ ಸರಿಯಿತ್ತು. ಹೋಗಿ ಮೂರನೇ ದಿನಕ್ಕೆ ಚಿತ್ರ ಬರುತ್ತದೆ, ಸದ್ದಿಲ್ಲ. ಫೋನ್ ಮಾಡಿದರೆ "ಅಮ್ಮ, ಸೋರ್ಸ್ ಒತ್ತು" ಅನ್ನುತ್ತಾನೆ. ಯಾವ ರಿಮೋಟಿನ ಸೋರ್ಸ್ ಅಂತ ಅವನಿಗೂ ನೆನಪಿಲ್ಲ.
(ನಿವೃತ್ತ ಶಿಕ್ಷಕಿ, ತಿಪಟೂರು)

ಮೇಡಂ, ನಿಮ್ಮದೇನೂ ತಪ್ಪಿಲ್ಲ. ನಿಮ್ಮ ಮಗ ಕೆಲಸ ಮುಗಿಸದೆ ಹೋಗಿದ್ದಾನೆ, ಅಷ್ಟೆ. ನಾನು ಯಾರ ಮನೆಯಲ್ಲಿ ಸೆಟ್ ಜೋಡಿಸಿದರೂ ಕೊನೆಗೊಂದು ಪರೀಕ್ಷೆ ಇಡುತ್ತಿದ್ದೆ. ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ, ಜಗಲಿಯಲ್ಲಿ ನಿಂತುಬಿಡುವುದು. ಒಳಗೆ ಮನೆಯ ಹಿರಿಯರು ಯಾರೋ ಒಬ್ಬರು, ಯಾರನ್ನೂ ಕೇಳದೆ, ಟಿವಿ ಹಾಕಿ, ಸದ್ದು ಏರಿಸಿ, ಚಾನೆಲ್ ಬದಲಿಸಿ, ಆರಿಸಬೇಕು. "ಸ್ವಲ್ಪ ಒಳಗೆ ಬನ್ನಿ" ಅಂತ ಕೂಗಿದರೆ ನನ್ನ ಕೆಲಸ ಮುಗಿದಿಲ್ಲ ಅಂತ ಲೆಕ್ಕ. ಅಂಗಡಿಯವರು ಹುಡುಗನನ್ನು ಕಳಿಸುತ್ತಾರೆ, ಹುಡುಗ ಚಿತ್ರ ಬಂದದ್ದು ತೋರಿಸಿ ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಈಗ ಆಗುತ್ತಿರುವುದು ಇದೇ.

ನಿಮ್ಮ ಪಕ್ಕದ ಮನೆಯ ಕಾಲೇಜು ಹುಡುಗನನ್ನೋ ಹುಡುಗಿಯನ್ನೋ ಕರೆದು ಈ ಕೆಳಗಿನದನ್ನು ಓದಿಸಿ. ಒಂದು ಗಂಟೆಯ ಕೆಲಸ.

ಮೊದಲು ಟಿವಿಯ ಬೆನ್ನು ನೋಡಬೇಕು. ಅಲ್ಲಿ ಮೂರೋ ನಾಲ್ಕೋ ಎಚ್‌ಡಿಎಂಐ ತೂತುಗಳಿರುತ್ತವೆ. ಅವುಗಳಲ್ಲಿ ಒಂದರ ಪಕ್ಕ ಮಾತ್ರ ಇಂಗ್ಲಿಷ್‌ನಲ್ಲಿ ಎ, ಆರ್, ಸಿ ಅಂತ ಬರೆದಿರುತ್ತದೆ, ಹೊಸ ಟಿವಿಯಾದರೆ ಮುಂದೆ ಒಂದು ಸಣ್ಣ ಇ ಕೂಡ. ಸೌಂಡ್‌ಬಾರ್‌ನ ತಂತಿ ಆ ತೂತಿಗೇ ಹೋಗಬೇಕು, ಸೌಂಡ್‌ಬಾರ್‌ನ ತುದಿಯಲ್ಲೂ ಅದೇ ಮೂರಕ್ಷರ ಇರುವ ತೂತಿಗೇ ಬರಬೇಕು. ಮಿಕ್ಕ ತೂತುಗಳಲ್ಲಿ ಚಿತ್ರ, ಸದ್ದು ಎರಡೂ ಟಿವಿಯ ಒಳಕ್ಕೆ ಮಾತ್ರ ಹರಿಯುತ್ತವೆ. ಈ ಒಂದು ತೂತಿನಲ್ಲಿ ಸದ್ದು ವಾಪಸ್ ಹೊರಗೂ ಬರುತ್ತದೆ. 2009ರಲ್ಲಿ ಎಚ್‌ಡಿಎಂಐಯ 1.4 ಆವೃತ್ತಿಯೊಂದಿಗೆ ಬಂದ ಉಪಾಯ ಇದು. ಸ್ಟಿಕ್ ಮತ್ತು ಡಿಶ್ ಬಾಕ್ಸ್ ಉಳಿದ ಎರಡು ತೂತುಗಳಿಗೆ.

ಆಮೇಲೆ ಟಿವಿಯ ಸೆಟ್ಟಿಂಗ್ಸ್. ಅಲ್ಲಿ ಎರಡು ಕಡೆ ಕೈ ಹಾಕಬೇಕು. ಒಂದು, ಸೌಂಡ್ ಔಟ್‌ಪುಟ್ ಎಂಬಲ್ಲಿ ಟಿವಿ ಸ್ಪೀಕರ್ ಬಿಟ್ಟು ಎಚ್‌ಡಿಎಂಐ ಎಆರ್‌ಸಿ ಅಥವಾ ಆಡಿಯೋ ಸಿಸ್ಟಂ ಆರಿಸುವುದು. ಎರಡು, ಸಿಇಸಿ ಎಂಬುದನ್ನು ಆನ್ ಮಾಡುವುದು. ಈ ಸಿಇಸಿಗೆ ಒಬ್ಬೊಬ್ಬರದು ಒಂದೊಂದು ಹೆಸರು: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಪ್ಯಾನಸಾನಿಕ್‌ನಲ್ಲಿ ವಿಯೆರಾ ಲಿಂಕ್. ಒಂದೇ ದೇವರಿಗೆ ಊರಿಗೊಂದು ಹೆಸರಿದ್ದ ಹಾಗೆ. ಇದು ಆನ್ ಆದರೆ ಪೆಟ್ಟಿಗೆಗಳು ತಂತಿಯಲ್ಲೇ ಮಾತಾಡಿಕೊಳ್ಳುತ್ತವೆ. ಟಿವಿ ಎದ್ದರೆ ಸೌಂಡ್‌ಬಾರೂ ಏಳುತ್ತದೆ, ಟಿವಿ ಮಲಗಿದರೆ ಅದೂ ಮಲಗುತ್ತದೆ. ಟಿವಿಯ ಸದ್ದಿನ ಗುಂಡಿ ಒತ್ತಿದರೆ ಏರಿಳಿಯುವುದು ಸೌಂಡ್‌ಬಾರ್‌ನ ಸದ್ದು.

ಮಗ ಒಂದು ವೇಳೆ ತೆಳ್ಳಗಿನ ಆಪ್ಟಿಕಲ್ ತಂತಿ ಹಾಕಿದ್ದರೆ (ತುದಿಯಲ್ಲಿ ಕೆಂಪು ಬೆಳಕು ಮಿಣುಕುತ್ತದೆ) ಅದನ್ನು ತೆಗೆಯಿರಿ. ಅದರಲ್ಲಿ ಸದ್ದು ಮಾತ್ರ ಹೋಗುತ್ತದೆ, ಅಪ್ಪಣೆ ಹೋಗುವುದಿಲ್ಲ. ಹಾಗಾಗಿಯೇ ಆ ತಂತಿ ಇರುವ ಮನೆಗಳಲ್ಲಿ ಸದ್ದಿಗೊಂದು ಬೇರೆ ರಿಮೋಟು. ಬ್ಲೂಟೂತ್‌ನಲ್ಲಿ ಜೋಡಿಸಿದ್ದರೆ ಅದೂ ಬೇಡ. ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತದೆ.

ಇನ್ನು ರಿಮೋಟು. ಡಿಶ್ ಬಾಕ್ಸ್‌ಗಳಿಗೆ ಸಿಇಸಿಯ ಮಾತು ಸಾಮಾನ್ಯವಾಗಿ ಕಿವಿಗೆ ಬೀಳುವುದಿಲ್ಲ, ಆದ್ದರಿಂದ ಅದರ ರಿಮೋಟನ್ನೇ ಯಜಮಾನನನ್ನಾಗಿ ಮಾಡುವುದು ವಾಸಿ. ಹಲವು ಡಿಶ್ ರಿಮೋಟ್‌ಗಳಿಗೆ ಟಿವಿ ರಿಮೋಟಿನ ಪವರ್ ಮತ್ತು ಸದ್ದಿನ ಗುಂಡಿಗಳನ್ನು ಕಲಿಸಬಹುದು. ಎರಡನ್ನೂ ಮೇಜಿನ ಮೇಲೆ ಮೂಗಿಗೆ ಮೂಗು ಎದುರಾಗಿ, ಎರಡು ಮೂರು ಇಂಚು ಅಂತರದಲ್ಲಿ ಮಲಗಿಸಿ. ಡಿಶ್ ರಿಮೋಟನ್ನು ಕಲಿಯುವ ಸ್ಥಿತಿಗೆ ತಂದು (ಯಾವ ಗುಂಡಿ ಅಂತ ಅದರ ಪುಸ್ತಕದಲ್ಲಿದೆ), ಅದರ ಸದ್ದಿನ ಗುಂಡಿ ಒತ್ತಿ, ಟಿವಿ ರಿಮೋಟಿನ ಸದ್ದಿನ ಗುಂಡಿ ಒತ್ತಿ. ದೀಪ ಮಿನುಗಿದರೆ ಪಾಠ ಒಪ್ಪಿಸಿತು ಅಂತ ಅರ್ಥ. ಇಷ್ಟಾದರೆ ದಿನದ ವಾರ್ತೆ, ಧಾರಾವಾಹಿಗೆ ಒಂದೇ ರಿಮೋಟು ಸಾಕು. ಸಿನಿಮಾ ಬೇಕಾದಾಗ ಸ್ಟಿಕ್‌ನ ರಿಮೋಟಿನಲ್ಲಿ ಮನೆಯ ಚಿತ್ರದ ಗುಂಡಿ ಒತ್ತಿದರೆ ಟಿವಿ ತಾನೇ ಆ ಕಡೆ ತಿರುಗಿಕೊಳ್ಳುತ್ತದೆ. ಡಿಶ್‌ಗೆ ಮರಳುವಾಗ ಮಾತ್ರ ಟಿವಿ ರಿಮೋಟಿನ ಸೋರ್ಸ್ ಬೇಕು. ಮಗ ಹೇಳಿದ ಸೋರ್ಸ್ ಅದೇ. ಅದರ ಮೇಲೆ ಒಂದು ಕುಂಕುಮದ ಬೊಟ್ಟಿನಷ್ಟು ಉಗುರುಬಣ್ಣ ಹಚ್ಚಿ. ಸೌಂಡ್‌ಬಾರ್‌ನ ರಿಮೋಟಿನ ಸೆಲ್ ತೆಗೆದು ಡ್ರಾಯರ್‌ನಲ್ಲಿಡಿ. ಅದು ಕಣ್ಣೆದುರು ಇದ್ದಷ್ಟು ದಿನ ಯಾರಾದರೊಬ್ಬರು ಒತ್ತಿಯೇ ಒತ್ತುತ್ತಾರೆ.

ಮೂರನೇ ದಿನ ಸದ್ದು ಹೋದದ್ದಕ್ಕೆ ನನ್ನ ಅನುಮಾನ ಕರೆಂಟಿನ ಮೇಲೆ. ಕರೆಂಟ್ ಹೋಗಿ ಬಂದಾಗ ಈ ಪೆಟ್ಟಿಗೆಗಳ ಮಾತುಕತೆ ಅರ್ಧಕ್ಕೆ ನಿಂತು, ಒಂದನ್ನೊಂದು ಗುರುತಿಸದೆ ಕೂರುತ್ತವೆ. ಎಲ್ಲದರ ಪ್ಲಗ್ ಗೋಡೆಯಿಂದ ಕಿತ್ತು, ಒಂದು ಲೋಟ ಕಾಫಿ ಕುಡಿದು ಬಂದು, ಮೊದಲು ಟಿವಿ, ಆಮೇಲೆ ಸೌಂಡ್‌ಬಾರ್ ಹಾಕಿ. ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಆಂಪ್ಲಿಫೈಯರ್‌ನ ರಿಮೋಟು ಕೆಲಸ ಮಾಡುತ್ತಿಲ್ಲ. ಹೊಸ ಸೆಲ್ ಹಾಕಿದರೂ ಇಲ್ಲ. ಕೆಟ್ಟಿರುವುದು ರಿಮೋಟೋ, ಸೆಟ್ಟೋ?
(ಅಡಿಕೆ ಬೆಳೆಗಾರ, ಶಿರಸಿ)

ಮೊಬೈಲ್ ತೆಗೆದುಕೊಳ್ಳಿ. ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಯಾವುದಾದರೂ ಗುಂಡಿ ಒತ್ತಿ. ಕಣ್ಣಿಗೆ ಕಾಣದ ಬೆಳಕು ಪರದೆಯಲ್ಲಿ ನಸುನೇರಳೆಯಾಗಿ ಮಿಟುಕಿದರೆ ರಿಮೋಟು ಬದುಕಿದೆ, ಸೆಟ್ಟಿನ ಕಡೆ ನೋಡಬೇಕು. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಕೆಲವು ಫೋನ್‌ಗಳು ಹಿಂದಿನದಕ್ಕೆ ಈ ಬೆಳಕು ತಡೆಯುವ ಗಾಜು ಗಟ್ಟಿಯಾಗಿ ಹಾಕಿರುತ್ತವೆ.

ಮಿಟುಕದಿದ್ದರೆ ಸೆಲ್ಲಿನ ಮನೆ ನೋಡಿ. ಸ್ಪ್ರಿಂಗಿನ ಮೇಲೆ ಉಪ್ಪಿನಂಥ ಬಿಳಿ ಪುಡಿ ಇರಬೇಕು, ನಿಮ್ಮ ಕಡೆಯ ಮಳೆಗಾಲ ದಾಟಿದ ಹತ್ತು ರಿಮೋಟಿನಲ್ಲಿ ಆರೇಳರಲ್ಲಿ ನಾನೇ ಕಂಡಿದ್ದೇನೆ. ಆಲ್ಕಲೈನ್ ಸೆಲ್ ಸೋರಿದ್ದರೆ ಅದು ಕ್ಷಾರ, ಹತ್ತಿಗೆ ಎರಡು ಹನಿ ನಿಂಬೆರಸ ಮುಟ್ಟಿಸಿ ಉಜ್ಜಿ. ಅಗ್ಗದ ಮಾಮೂಲಿ ಸೆಲ್ಲಾದರೆ ಸೋರುವುದು ಆಮ್ಲದ ಜಾತಿ, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ಎರಡಕ್ಕೂ ಕೊನೆಯಲ್ಲಿ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಆಮೇಲೆ ಸಣ್ಣ ಮರಳುಕಾಗದದಿಂದ ಸ್ಪ್ರಿಂಗಿನ ತುದಿ ಹೊಳೆಯುವ ತನಕ ತೀಡಿ.

ಒಂದೆರಡು ಗುಂಡಿ ಮಾತ್ರ ಸತ್ತಿದ್ದರೆ ರಿಮೋಟು ಬಿಚ್ಚಬೇಕು. ರಬ್ಬರ್ ಹಾಳೆಯ ಕೆಳಗೆ ಪ್ರತಿ ಗುಂಡಿಗೂ ಒಂದು ಕಪ್ಪು ಚುಕ್ಕಿ ಇದೆ. ಅದಕ್ಕೆ ಬೆರಳಿನ ಎಣ್ಣೆ, ಚಕ್ಕುಲಿ ಪುಡಿ ಎಲ್ಲ ಮೆತ್ತಿರುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಮೃದುವಾಗಿ ಒರೆಸಿ. ಉಜ್ಜಿ ಕಪ್ಪು ಎದ್ದುಹೋದರೆ ಗುಂಡಿ ಪೂರ್ತಿ ಹೋಯಿತು.

ರಿಮೋಟು ಸರಿಯಿದ್ದು ಸಂಜೆ ಮಾತ್ರ ಮೊಂಡು ಮಾಡುತ್ತಿದ್ದರೆ ಪಶ್ಚಿಮದ ಕಿಟಕಿಗೆ ಪರದೆ ಎಳೆದು ನೋಡಿ. ರಿಮೋಟು ಆ ಬೆಳಕನ್ನು ಸಾಮಾನ್ಯವಾಗಿ ಸೆಕೆಂಡಿಗೆ 38,000 ಸಲ ಮಿಟುಕಿಸುತ್ತದೆ. ಬೇರೆ ಬೆಳಕಿನ ನಡುವೆ ಗುರುತು ಸಿಗಲಿ ಅಂತಲೇ ಹಾಗೆ. ಆದರೂ ನೇರ ಬಿಸಿಲು ಸೆಟ್ಟಿನ ಮುಖಕ್ಕೆ ಹೊಡೆದರೆ ಅದಕ್ಕೆ ಕಣ್ಣು ಕೋರೈಸುತ್ತದೆ. 1956ರಲ್ಲಿ ಅಮೆರಿಕದ ಜೆನಿತ್ ಕಂಪನಿ ಮಾರಿದ ರಿಮೋಟಿಗೆ ಬೆಳಕೂ ಇರಲಿಲ್ಲ, ಸೆಲ್ಲೂ ಇರಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿದು, ಮನುಷ್ಯನ ಕಿವಿಗೆ ಕೇಳದ ನಾದ ಹೊರಡುತ್ತಿತ್ತು. ಸೋರುವ ಸೆಲ್ ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಸಿನಿಮಾದಲ್ಲಿ ಮಾತು ಪಿಸುಪಿಸು, ಹೊಡೆದಾಟ ಬಂದರೆ ಮಗು ಎದ್ದು ಅಳುತ್ತದೆ. ರಿಮೋಟು ಕೈಯಲ್ಲೇ ಹಿಡಿದು ಕೂರಬೇಕಾಗಿದೆ.
(ಹುಬ್ಬಳ್ಳಿ)

ನಿಮ್ಮದು 5.1 ಸೆಟ್ (ಐದು ಸ್ಪೀಕರ್, ಒಂದು ವೂಫರ್) ಅಂತ ಬರೆದಿದ್ದೀರಿ. ಅದರಲ್ಲಿ ಮಾತಿನ ಬಹುಪಾಲು ಬರುವುದು ನಡುವಿನ ಒಂದೇ ಸ್ಪೀಕರಿನಿಂದ. ನೀವು ಕಳಿಸಿದ ಫೋಟೊದಲ್ಲಿ ಅದು ಶೋಕೇಸಿನ ಕೆಳಗಿನ ಖಾನೆಯಲ್ಲಿ, ಗಾಜಿನ ಬಾಗಿಲ ಹಿಂದೆ, ಮುಂದೆ ಗಣಪತಿ, ಒಂದು ಹೂದಾನಿ, ಯಾರೋ ಗೆದ್ದ ಎರಡು ಕಪ್. ಗಣಪತಿಯನ್ನು ಮೇಲಿನ ಖಾನೆಗೆ ಕೂರಿಸಿ. ಸ್ಪೀಕರನ್ನು ಹಲಗೆಯ ಅಂಚಿನ ತನಕ ಮುಂದೆ ಎಳೆದು, ಕೆಳಗೆ ಒಂದು ರಬ್ಬರ್ ತುಂಡು ಕೊಟ್ಟು ಮೂತಿ ನಿಮ್ಮ ಕಿವಿಯ ಕಡೆಗೆ ಎತ್ತಿ. ಆಮೇಲೂ ಸಾಲದಿದ್ದರೆ ಸೆಟ್ಟಿಂಗಿನಲ್ಲಿ ಸೆಂಟರ್ ಮಟ್ಟವನ್ನು ಎರಡು ಮೂರು ಡೆಸಿಬೆಲ್ ಏರಿಸಿ. ರಾತ್ರಿಗೆ ನೈಟ್ ಮೋಡ್ ಇದೆ, ಅದು ದೊಡ್ಡ ಸದ್ದನ್ನು ಅಮುಕಿ ಸಣ್ಣದನ್ನು ಎತ್ತುತ್ತದೆ. ಸಂಗೀತ ಕೇಳುವಾಗ ಅದನ್ನು ಆಫ್ ಮಾಡಲು ಮರೆಯಬೇಡಿ, ತಬಲಾದ ಜೀವವೇ ಹೋಗುತ್ತದೆ.

ಹನ್ನೆರಡಡಿ ಹದಿನಾಲ್ಕಡಿ ಹಾಲ್. ಸೋಫಾ ಹಿಂದಿನ ಗೋಡೆಗೇ ಇದೆ. ಐದು ಸ್ಪೀಕರ್, ಒಂದು ವೂಫರ್ ಎಲ್ಲೆಲ್ಲಿ ಇಡಬೇಕು? ಅಂಗಡಿಯಲ್ಲಿ ಕೇಳಿದಾಗ ಇದ್ದ ಗುಡುಗು ಮನೆಯಲ್ಲಿ ಇಲ್ಲ.
(ದಾವಣಗೆರೆ)

ಮುಂದಿನ ಎರಡರ ನಡುವೆ ಎಷ್ಟು ಅಂತರವೋ, ನಿಮ್ಮಿಂದ ಅವುಗಳಿಗೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಹಿಂದಿನ ಎರಡಕ್ಕೆ ಕೋನಮಾಪಕ ಬೇಡ. ಟಿವಿ ನೋಡುತ್ತ ಕೂತು ಎರಡೂ ಕೈ ನೇರ ಪಕ್ಕಕ್ಕೆ ಚಾಚಿ, ಅಲ್ಲಿಂದ ಒಂದು ಗೇಣು ಹಿಂದಕ್ಕೆ ಸರಿಸಿ. ಬೆರಳು ತೋರಿಸಿದ ದಿಕ್ಕಿನಲ್ಲಿ, ಕೂತವರ ಕಿವಿಗಿಂತ ಒಂದೆರಡು ಅಡಿ ಮೇಲೆ. ಇದಕ್ಕೆ ಸೋಫಾ ಗೋಡೆ ಬಿಟ್ಟು ಎರಡಡಿಯಾದರೂ ಮುಂದೆ ಬರಬೇಕು. ಮನೆಯವರು ಒಪ್ಪದಿದ್ದರೆ ಪಕ್ಕದ ಗೋಡೆಗಳ ಮೇಲೆ, ಕಿವಿಯ ಸಾಲಿನಲ್ಲೇ ಹಾಕಿ. ಸೋಫಾದ ಹಿಂದಿನ ಮೂಲೆಯಲ್ಲಿ ಸೂರಿಗೆ ಅಂಟಿಸಿ ನೆಲ ನೋಡುವಂತೆ ಮಾತ್ರ ಮಾಡಬೇಡಿ. ಅದು ಮದುವೆ ಛತ್ರದ ಲೌಡ್‌ಸ್ಪೀಕರ್.

ಎಲ್ಲ ಇಟ್ಟ ಮೇಲೆ ಟೇಪು ಹಿಡಿದು ನಿಮ್ಮ ತಲೆಯಿಂದ ಪ್ರತಿ ಸ್ಪೀಕರಿಗೂ ದೂರ ಅಳೆದು ಸೆಟ್ಟಿಂಗಿನಲ್ಲಿ ತುಂಬಿ. ಸದ್ದು ಒಂದು ಮೀಟರ್ ನಡೆಯಲು ಸುಮಾರು ಮೂರು ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಹತ್ತಿರದ ಸ್ಪೀಕರನ್ನು ಅಷ್ಟು ತಡೆದು, ಎಲ್ಲ ಒಟ್ಟಿಗೆ ಕಿವಿಗೆ ಬರುವಂತೆ ಯಂತ್ರವೇ ನೋಡಿಕೊಳ್ಳುತ್ತದೆ. ಸಣ್ಣ ಸ್ಪೀಕರುಗಳಾದರೆ ಸ್ಮಾಲ್ ಅಂತ ಆರಿಸಿ, ಕ್ರಾಸ್‌ಓವರ್ (ಯಾವ ಮಟ್ಟಕ್ಕಿಂತ ತಗ್ಗಿನ ಸದ್ದು ವೂಫರಿಗೆ ಹೋಗಬೇಕು ಎಂಬ ಗಡಿ) 80 ಹರ್ಟ್ಸ್‌ನಿಂದ ಶುರು ಮಾಡಿ. ಅಂಗೈಯಗಲದ ಸ್ಪೀಕರಾದರೆ 120ರ ತನಕ ಏರಿಸಬೇಕಾಗಬಹುದು.

ವೂಫರಿಗೆ ಒಂದು ನಾಚಿಕೆಗೇಡಿನ ಉಪಾಯ ಇದೆ, ಆದರೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ವೂಫರನ್ನು ತಂದು ಸೋಫಾದ ಮೇಲೆ, ನೀವು ಕೂರುವ ಜಾಗದಲ್ಲೇ ಕೂರಿಸಿ. ಡೋಲು ಇರುವ ಯಾವುದಾದರೂ ಹಾಡು ಹಚ್ಚಿ. ನೀವು ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಯ ಬದಿ ಸುತ್ತು ಹಾಕಿ. ಒಂದು ಕಡೆ ಬರೀ ಗುಂಯ್ ಅನ್ನುತ್ತದೆ, ಇನ್ನೊಂದು ಕಡೆ ಸದ್ದೇ ಸಾಯುತ್ತದೆ, ಎಲ್ಲೋ ಒಂದು ಕಡೆ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ವೂಫರನ್ನು ಅಲ್ಲಿಗೆ ತನ್ನಿ. ನಾನು ಒಬ್ಬರ ಮನೆಯಲ್ಲಿ ಹೀಗೆ ಹರಿದಾಡುತ್ತಿದ್ದಾಗ ಆ ಮನೆಯ ಅಜ್ಜಿ ಬ್ಯಾಟರಿ ತಂದು ಪಕ್ಕದಲ್ಲೇ ಕೂತು ಹುಡುಕತೊಡಗಿದರು. ನನ್ನ ಉಂಗುರ ಬಿದ್ದಿದೆ ಅಂದುಕೊಂಡಿದ್ದರಂತೆ.

ಗುಡುಗು ಕಾಣೆಯಾಗಲು ಇನ್ನೊಂದು ಕಾರಣ ತಂತಿ ಅದಲುಬದಲಾಗಿರುವುದು. ಸ್ಪೀಕರ್ ತಂತಿಯ ಎರಡು ಎಳೆಗಳಲ್ಲಿ ಒಂದರ ಮೇಲೆ ಗೆರೆಯೋ ಬಣ್ಣವೋ ಇರುತ್ತದೆ. ಅದು ಆಂಪ್ಲಿಫೈಯರಿನಲ್ಲೂ ಸ್ಪೀಕರಿನಲ್ಲೂ ಕೆಂಪಿಗೇ ಹೋಗಬೇಕು. ಒಂದು ಕಡೆ ತಿರುವುಮುರುವಾದರೆ ಒಂದು ಸ್ಪೀಕರ್ ಗಾಳಿ ನೂಕುವಾಗ ಇನ್ನೊಂದು ಎಳೆಯುತ್ತದೆ, ತಗ್ಗಿನ ಸದ್ದು ಪರಸ್ಪರ ತಿಂದುಹೋಗುತ್ತದೆ. ನಾನೇ ಒಮ್ಮೆ, ಸಂಜೆಯ ಬಸ್ಸು ಹಿಡಿಯುವ ಆತುರದಲ್ಲಿ, ಹೀಗೆ ಮಾಡಿ ಬಂದೆ. ಆ ಮನೆಯವರು ತಿಂಗಳಾದ ಮೇಲೆ ಅಂಗಡಿಗೆ ಬಂದು, "ಹಾಡುವವರು ಟಿವಿಯಲ್ಲಿದ್ದಾರೆ, ಹಾಡು ಅಡುಗೆಮನೆಯಿಂದ ಬರುತ್ತಿದೆ" ಅಂದಾಗ ಗೊತ್ತಾಯಿತು. ಅನುಮಾನ ಇದ್ದರೆ ಜಾಲರಿ ತೆಗೆದು, ತಂತಿಯ ಇನ್ನೊಂದು ತುದಿಯನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಅದಕ್ಕೆ ಒಂದೂವರೆ ವೋಲ್ಟಿನ ಸೆಲ್ಲನ್ನು ಅರೆಕ್ಷಣ ಮುಟ್ಟಿಸಿ. ಗೆರೆಯ ಎಳೆಗೆ ಸೆಲ್ಲಿನ ಪ್ಲಸ್ ತಾಗಿದಾಗ ಸ್ಪೀಕರಿನ ಕಾಗದ ಟಪ್ ಎಂದು ಹೊರಗೆ ಬರಬೇಕು. ಒಳಗೆ ಹೋದರೆ ತಿರುಗಿಸಿ.

ತಂತಿ ಒಂದೂವರೆ ಚದರ ಮಿಲಿಮೀಟರಿನದು ನಿಮ್ಮ ಹಾಲಿಗೆ ಸಾಕು. ಕರೆಂಟಿನ ವೈರ್ ಇರುವ ಪೈಪಿನೊಳಗೆ ಅದನ್ನು ತುರುಕಬೇಡಿ. ಡಬ್ಬದ ಮೇಲೆ ನಾಲ್ಕು ಸಾವಿರ ವ್ಯಾಟ್ ಪಿಎಂಪಿಒ ಅಂತಿದೆ ಅಂದಿರಿ. ಅದು ಜಾಹೀರಾತಿಗೆ ಉಬ್ಬಿಸಿದ ಅಂಕಿ. ಆರ್‌ಎಂಎಸ್ ಎಂಬ, ಸತತವಾಗಿ ಕೊಡಬಲ್ಲ ಶಕ್ತಿಯ ಅಂಕಿ ಹುಡುಕಿ, ಲೆಕ್ಕಕ್ಕೆ ಬರುವುದು ಅದೊಂದೇ.

ಆಂಪ್ಲಿಫೈಯರ್ ಹಾಕಿದ ಕೂಡಲೇ ಗುಂಯ್ ಎಂಬ ಸದ್ದು, ಹಾಡಿಲ್ಲದಿದ್ದರೂ. ಮತ್ತೆ, ಸಿಡಿಲಿನ ಹೊತ್ತಿನಲ್ಲಿ ಸ್ವಿಚ್ ಆರಿಸಿದರೆ ಸಾಕೇ?
(ಪುತ್ತೂರು)

ಗುಂಯ್ ಸದ್ದು ನಮ್ಮ 50 ಹರ್ಟ್ಸ್ ಕರೆಂಟಿನದು. ಡಿಶ್ ಅಥವಾ ಕೇಬಲ್‌ನ ದುಂಡು ತಂತಿಯನ್ನು ಬಾಕ್ಸಿನಿಂದ ಬಿಚ್ಚಿ ನೋಡಿ. ಸದ್ದು ನಿಂತರೆ ಆ ತಂತಿಯ ಅರ್ಥಿಂಗೂ ಮನೆಯ ಅರ್ಥಿಂಗೂ ಬೇರೆ ಬೇರೆಯಾಗಿ ನಡುವೆ ಸುತ್ತು ಬಿದ್ದಿದೆ. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ, ಆಗಲೂ ಇದ್ದರೆ ಆ ದುಂಡು ತಂತಿಗೆ ಹಾಕುವ ಐಸೊಲೇಟರ್ ಸಿಗುತ್ತದೆ. ಪ್ಲಗ್ಗಿನ ಮೇಲಿನ ದಪ್ಪ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಅಂತ ಯಾರಾದರೂ ಹೇಳಿಯಾರು. ನಿಲ್ಲುವುದು ನಿಜ. ಮುಂದೊಂದು ದಿನ ಡಬ್ಬ ಮುಟ್ಟಿದವರ ಉಸಿರೂ ನಿಂತೀತು.

ಸ್ವಿಚ್ ಸಾಲದು. ಆಕಾಶದಿಂದ ನೆಲದ ತನಕ ಹಾರಿ ಬಂದದ್ದಕ್ಕೆ ಸ್ವಿಚ್ಚಿನೊಳಗಿನ ಕೂದಲೆಳೆ ಸಂದು ಯಾವ ಲೆಕ್ಕ? ಪ್ಲಗ್ ಕೀಳಬೇಕು, ಅದಕ್ಕಿಂತ ಮುಖ್ಯವಾಗಿ ದುಂಡು ತಂತಿಯನ್ನೂ ಇಂಟರ್ನೆಟ್ ತಂತಿಯನ್ನೂ ಬಿಚ್ಚಬೇಕು. ನಾನು ಕೈಯಾರೆ ಜೋಡಿಸಿದ ಮೊದಲ ಆಂಪ್ಲಿಫೈಯರ್ ಹೋದದ್ದು ಹಾಗೆಯೇ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಪ್ಲಗ್ ಕಿತ್ತು ಹಾಸಿಗೆಯ ಮೇಲೆ ಇಟ್ಟಿದ್ದೆ, ಜಾಣತನ ಅಂತ ಹೆಮ್ಮೆ ಬೇರೆ. ಕೇಬಲ್ ಮಾತ್ರ ಟಿವಿಯಲ್ಲೇ ಇತ್ತು, ಟಿವಿಯಿಂದ ಆಂಪ್ಲಿಫೈಯರಿಗೆ ಒಂದು ಆಡಿಯೋ ತಂತಿ. ಮಳೆ ನಿಂತ ಮೇಲೆ ಮುಚ್ಚಳ ತೆಗೆದರೆ ಐಸಿ ಕಡಲೆಬೀಜದ ಸಿಪ್ಪೆಯ ಹಾಗೆ ಎರಡು ಹೋಳು. ಆ ವಾಸನೆ ಈಗಲೂ ಮೂಗಿನಲ್ಲಿದೆ.

ತಮ್ಮ ಅಮೆರಿಕದಿಂದ ವಾಪಸ್ ಬರುವಾಗ ತನ್ನ ರಿಸೀವರ್, ಡಿವಿಡಿ ಪ್ಲೇಯರ್ ತರುತ್ತಿದ್ದಾನೆ. ಇಲ್ಲಿ ನಡೆಯುತ್ತವೆಯೇ?
(ಮೈಸೂರು)

ರಿಸೀವರಿನ ಬೆನ್ನಿನ ಚೀಟಿಯ ಫೋಟೊ ಕಳಿಸಲು ಹೇಳಿ. 100ರಿಂದ 240 ವೋಲ್ಟ್ ಅಂತಿದ್ದರೆ ಪಿನ್ ಬದಲಿಸಿದರೆ ಸಾಕು. ಬರೀ 120 ವೋಲ್ಟ್, 60 ಹರ್ಟ್ಸ್ ಅಂತಿದ್ದರೆ (ದೊಡ್ಡ ರಿಸೀವರುಗಳು ಹೆಚ್ಚಾಗಿ ಹೀಗೇ) ನಮ್ಮ 230 ವೋಲ್ಟಿಗೆ ಚುಚ್ಚಿದ ಕ್ಷಣವೇ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಚೀಟಿಯಲ್ಲಿರುವ ವ್ಯಾಟಿನ ಒಂದೂವರೆ ಪಾಲಿನದಾದರೂ. ಅದು ಎಂಟು ಹತ್ತು ಕಿಲೋ ತೂಗಿದರೆ ಗಾಬರಿ ಬೇಡ. ಡಿವಿಡಿ ಪ್ಲೇಯರ್ ಅಲ್ಲೇ ಯಾರಿಗಾದರೂ ಕೊಟ್ಟು ಬರಲಿ. ಅಮೆರಿಕ ಡಿವಿಡಿಯ ಲೆಕ್ಕದಲ್ಲಿ ವಲಯ 1, ನಾವು ವಲಯ 5, ನಿಮ್ಮ ಕಪಾಟಿನ ಡಿಸ್ಕುಗಳಲ್ಲಿ ಹಲವನ್ನು ಅದು ಓದುವುದೇ ಇಲ್ಲ.

ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕುವುದು ಒಳ್ಳೆಯದೋ ಕೆಟ್ಟದ್ದೋ?
(ಚಿಕ್ಕಮಗಳೂರು)

ಹಾಕಿ, ತೆಳುವಾದ ಪಾರದರ್ಶಕ ಕವರ್ ಬೆಳಕಿಗೆ ಅಡ್ಡಿ ಮಾಡುವುದಿಲ್ಲ. ಮೂತಿಯ ಹತ್ತಿರ ಸುಕ್ಕು ಬಿದ್ದು ಬಿಳಿಚಿಕೊಂಡರೆ ಅಷ್ಟು ಭಾಗ ಕತ್ತರಿಸಿಬಿಡಿ. ಸುತ್ತ ಮುಚ್ಚಿ ಅಂಟಿಸಿದ ಕವರಾದರೆ ಮಾತ್ರ ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ, ಸೆಲ್ಲಿನ ಮನೆ ನೋಡಿ. ಪೆಟ್ಟಿಗೆಯಿಂದ ತೆಗೆದ ದಿನದ ಹಾಗೆಯೇ ಫಳಫಳ ಹೊಳೆಯುತ್ತ, ಒಳಗೆ ಪೂರ್ತಿ ತುಕ್ಕು ಹಿಡಿದ ರಿಮೋಟುಗಳು ನನ್ನ ಡ್ರಾಯರಿನಲ್ಲಿ ಇನ್ನೂ ಒಂದು ಡಜನ್ ಇವೆ.